ಬಿಡುಗಡೆಯ ಟಿಪ್ಪಣಿಗಳನ್ನು ಓದಿರಿ: ಗಿಟ್ ಬಳಸುವವರಿಗೆ ಕೆಲವು ಸಂಗತಿಗಳು

ಪ್ರೋಗ್ರಾಮು ಬರೆಯುವವರು ದಿನಕ್ಕೆ ಹತ್ತಾರು ಸಲ ಕೈಗೆತ್ತಿಕೊಳ್ಳುವ ಉಪಕರಣಗಳಲ್ಲಿ ಗಿಟ್ ಮೊದಲನೆಯ ಪಂಕ್ತಿಗೆ ಸೇರಿದ್ದು. ಆದರೂ ಅದರ ಹೊಸ ಆವೃತ್ತಿಯಲ್ಲಿ ಏನು ಬಂದಿತು, ಹಳೆಯದರಲ್ಲಿದ್ದ ಯಾವ ದೋಷ ನಿವಾರಣೆಯಾಯಿತು ಎಂದು ವಿಚಾರಿಸುವವರು ಅತ್ಯಲ್ಪ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಜೊತೆಯವರು ಹೇಳಿದಂತೆ ಅದನ್ನು ಇನ್‌ಸ್ಟಾಲ್ ಮಾಡಿಕೊಂಡು, ಆಡ್, ಕಮಿಟ್, ಪುಶ್, ಪುಲ್ ಎಂಬ ನಾಲ್ಕು ಆಜ್ಞೆಗಳನ್ನು ಬಾಯಿಪಾಠ ಮಾಡಿ, ಅನಂತರ ವರ್ಷಗಟ್ಟಲೆ ಅಷ್ಟರಿಂದಲೇ ಕಾಲ ಸಾಗಿಸುವುದು ನಮ್ಮಲ್ಲಿ ರೂಢಿಯಾಗಿಹೋಗಿದೆ. ಈ ರೂಢಿಯಿಂದ ಎರಡು ನಷ್ಟಗಳುಂಟು. ಮೊದಲನೆಯದು, ಎಂದೋ ಪರಿಹಾರವಾಗಿರುವ ಕಷ್ಟವನ್ನು ನಾವು ಇಂದಿಗೂ ಅನುಭವಿಸುತ್ತಿರುವುದು. ಎರಡನೆಯದೂ ಹೆಚ್ಚು ಗುರುತರವಾದುದೂ ಯಾವುದೆಂದರೆ, ಲೋಕಕ್ಕೆಲ್ಲ ಬಹಿರಂಗವಾಗಿರುವ ಭದ್ರತಾದೋಷವನ್ನು ನಮ್ಮ ಯಂತ್ರದಲ್ಲಿ ಹಾಗೆಯೇ ಉಳಿಸಿಕೊಂಡಿರುವುದು. ಇಪ್ಪತ್ತು ವರ್ಷಗಳಿಂದ ನಿರಂತರವಾಗಿ ನಡೆದುಬಂದಿರುವ ಈ ಪರಿಷ್ಕರಣದಲ್ಲಿ ಸಾಮಾನ್ಯ ಬಳಕೆದಾರನಿಗೆ ಪ್ರಯೋಜನವಾಗತಕ್ಕ ಸಂಗತಿಗಳನ್ನು ಆರಿಸಿ, ಅವುಗಳ ಹಿಂದಿನ ಕಾರಣದೊಡನೆ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಬರೆದುದರ ಹಿಂದಿನ ರೂಪಗಳನ್ನೆಲ್ಲ ಕಾಪಾಡಿಡುವ ತಂತ್ರಾಂಶಗಳು ಗಿಟ್‌ಗಿಂತ ಬಹಳ ಹಳೆಯವು. 1972ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಎಸ್‌ಸಿಸಿಎಸ್ ಹುಟ್ಟಿತು. 1980ರ ದಶಕದಲ್ಲಿ ಆರ್‌ಸಿಎಸ್ ಮತ್ತು ಸಿವಿಎಸ್ ಬಂದವು. 2004ರಲ್ಲಿ ಸಬ್‌ವರ್ಶನ್ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಕಂಡಿತು. ಲಿನಕ್ಸ್ ಕರ್ನೆಲ್ಲಿನ ಕೆಲಸ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶದ ಆಶ್ರಯದಲ್ಲಿ ನಡೆಯುತ್ತಿದ್ದು, 2005ರಲ್ಲಿ ಅದರ ಉಚಿತ ಬಳಕೆಯ ಸೌಲಭ್ಯ ನಿಂತುಹೋದುದರಿಂದ, ಲಿನಸ್ ಟೊರ್ವಾಲ್ಡ್ಸ್ ಆ ವರ್ಷದ ಏಪ್ರಿಲ್ ಆರಂಭದಲ್ಲಿ ಗಿಟ್ ಬರೆಯತೊಡಗಿದರು. ವಾರ ತುಂಬುವುದರೊಳಗೆ ಅದು ತನ್ನ ಇತಿಹಾಸವನ್ನು ತಾನೇ ದಾಖಲಿಸಿಕೊಳ್ಳುವ ಸ್ಥಿತಿಗೆ ಬಂದಿತು. ಜುಲೈ ತಿಂಗಳಲ್ಲಿ ಅವರು ಮೇಲ್ವಿಚಾರಣೆಯ ಹೊಣೆಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು, ಡಿಸೆಂಬರಿನಲ್ಲಿ 1.0 ಎಂಬ ಆವೃತ್ತಿ ಹೊರಬಿದ್ದಿತು. ನಿರ್ಮಾಣದ ಕೀರ್ತಿ ಟೊರ್ವಾಲ್ಡ್ಸ್ ಅವರಿಗೆ ಸಂದಿರುವುದು ಯುಕ್ತವೇ ಸರಿ. ಆದರೆ ನಾವು ಇಂದು ಬಳಸುತ್ತಿರುವ ಗಿಟ್‌ನ ವಿಶ್ವಾಸಾರ್ಹತೆ ಆ ಕೆಲವು ದಿನಗಳ ಪ್ರತಿಭೆಗಿಂತ ಹೆಚ್ಚಾಗಿ ಅನಂತರದ ಎರಡು ದಶಕಗಳ ತಾಳ್ಮೆಯ ಫಲ. ಹಮಾನೊ ಅವರಿಗೂ ಅವರೊಡನೆ ದುಡಿದ ಸಾವಿರಾರು ಜನ ಸಹಾಯಕರಿಗೂ ಸಲ್ಲಬೇಕಾದ ಕೃತಜ್ಞತೆ ಇನ್ನೂ ಪೂರ್ಣವಾಗಿ ಸಂದಿಲ್ಲವೆಂದೇ ನನ್ನ ಅಭಿಪ್ರಾಯ.

ಗಿಟ್‌ನ ಆವೃತ್ತಿಸಂಖ್ಯೆಯಲ್ಲಿ ಮೂರು ಅಂಗಗಳಿವೆ. 2.45.1 ಎಂಬುದನ್ನು ತೆಗೆದುಕೊಂಡರೆ, ನಡುವಣ 45 ಎಂಬುದು ಹೊಸ ಸೌಕರ್ಯಗಳನ್ನು ಹೊತ್ತುಬಂದ ಬಿಡುಗಡೆಯ ಕ್ರಮಾಂಕ. ಇಂತಹ ಬಿಡುಗಡೆ ಸುಮಾರು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಕೊನೆಯ 1 ಎಂಬುದು ಆ ಬಿಡುಗಡೆಯಲ್ಲಿ ಕಂಡುಬಂದ ದೋಷಗಳನ್ನು ಸರಿಪಡಿಸಿದ ಪರಿಷ್ಕರಣದ ಗುರುತು. ಆದಕಾರಣ ಕೊನೆಯ ಅಂಕಿ ಮಾತ್ರ ಬದಲಾಗಿರುವಾಗ ಹೊಸದನ್ನು ತಡಮಾಡದೆ ಹಾಕಿಕೊಳ್ಳುವುದೇ ಲೇಸು. ನಡುವಣ ಅಂಕಿ ಬದಲಾಗಿರುವಾಗ, ಟಿಪ್ಪಣಿಯ ಮೊದಲಲ್ಲಿ ಹಳೆಯ ನಡವಳಿಕೆಗೆ ವ್ಯತ್ಯಾಸ ತರುವ ಅಂಶಗಳೇನಾದರೂ ಉಂಟೆ ಎಂದು ನೋಡಿಕೊಂಡು ಮುಂದುವರಿಯತಕ್ಕದ್ದು. ಈ ಟಿಪ್ಪಣಿಗಳ ರಚನೆಯೂ ಸ್ಥಿರವಾದುದು: ವ್ಯತ್ಯಾಸಗಳ ಎಚ್ಚರಿಕೆ ಇದ್ದರೆ ಅದು ಮೊದಲು, ಆಮೇಲೆ ಬಳಕೆದಾರರ ಕಣ್ಣಿಗೆ ಕಾಣುವ ಸೌಕರ್ಯಗಳು, ಅನಂತರ ವೇಗಕ್ಕೂ ಒಳರಚನೆಗೂ ಸಂಬಂಧಿಸಿದ ಕೆಲಸ, ಕೊನೆಗೆ ಹಿಂದಿನ ಬಿಡುಗಡೆಯಿಂದೀಚೆಗೆ ತಿದ್ದಿದ ದೋಷಗಳ ಪಟ್ಟಿ. ಒಳರಚನೆಯ ಭಾಗವನ್ನು ಬಿಟ್ಟು ಉಳಿದುದನ್ನು ಓದಲು ಕಾಲು ಗಂಟೆ ಸಾಕು.

ಹೊಸ ಕೆಲಸವೊಂದು ಬಿಡುಗಡೆಯನ್ನು ಸೇರುವ ಕ್ರಮವನ್ನು ಬಲ್ಲವರಿಗೆ ಈ ಉಪಕರಣದಲ್ಲಿ ನಂಬಿಕೆ ಹೆಚ್ಚುವುದು ಸಹಜ. ಮೊದಲು ಅದು ‘ಸೀನ್’ ಎಂಬ ಬ್ರಾಂಚಿನಲ್ಲಿ ಕಾಣಿಸಿಕೊಳ್ಳುತ್ತದೆ, ಪರಿಶೀಲನೆಯಲ್ಲಿ ಗೆದ್ದರೆ ‘ನೆಕ್ಸ್ಟ್’ ಎಂಬುದಕ್ಕೆ ಏರಿ, ಅಲ್ಲಿ ಧೈರ್ಯವಂತರಾದ ಕೆಲವರ ದಿನನಿತ್ಯದ ಬಳಕೆಯಲ್ಲಿ ಪಕ್ವವಾಗಿ, ಆ ಬಳಿಕವೇ ‘ಮಾಸ್ಟರ್’ಗೆ ಬರುತ್ತದೆ, ಹಳೆಯ ಬಿಡುಗಡೆಗೂ ಬೇಕಾದ ತಿದ್ದುಪಡಿಗಳು ‘ಮೇಂಟ್’ ಎಂಬ ಬ್ರಾಂಚಿಗೆ ಹರಿಯುತ್ತವೆ. ಇಷ್ಟಾದರೂ ತಪ್ಪುಗಳು ನುಸುಳುವುದುಂಟು. 2020ರ ಮಾರ್ಚಿನಲ್ಲಿ ಬಂದ 2.26ರಲ್ಲಿ, ಸರ್ವರಿನೊಡನೆ ಮಾತನಾಡುವ ಎರಡನೆಯ ಪ್ರೋಟೊಕಾಲನ್ನು ಎಲ್ಲರಿಗೂ ರೂಢಿಯದನ್ನಾಗಿ ಮಾಡಿದರು. ಅದರಲ್ಲಿ ಇನ್ನೂ ಕೆಲವು ಒರಟು ಅಂಚುಗಳು ಉಳಿದಿರುವುದು ಕಂಡುಬಂದೊಡನೆಯೆ 2.27ರಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡು, ಕೊರತೆಗಳನ್ನು ನೀಗಿ, 2.28ರಲ್ಲಿ ಮರಳಿ ಜಾರಿಗೆ ತಂದರು. ಅವಸರದ ಹೆಜ್ಜೆಯನ್ನು ಹಿಂದಕ್ಕಿಡುವ ಈ ನಿರ್ಮಮತೆ ದೊಡ್ಡ ಯೋಜನೆಗಳಲ್ಲಿ ಸುಲಭವಾಗಿ ಕಾಣಸಿಗುವ ಗುಣವಲ್ಲ.

ಈಗ ನಿಮ್ಮ ಯಂತ್ರದಲ್ಲಿರುವ ಆವೃತ್ತಿ ಯಾವುದೆಂಬುದನ್ನು ಅರಿಯಬೇಕಷ್ಟೆ. ಟರ್ಮಿನಲ್ಲಿನಲ್ಲಿ ‘ಗಿಟ್ ವರ್ಶನ್’ ಎಂದು ಟೈಪು ಮಾಡಿದರೆ ಅದು ತಿಳಿಯುತ್ತದೆ. ವಿಂಡೋಸ್‌ನಲ್ಲಿ ‘ಗಿಟ್ ಅಪ್‌ಡೇಟ್-ಗಿಟ್-ಫಾರ್-ವಿಂಡೋಸ್’ ಎಂಬ ಆಜ್ಞೆಯೇ ಹೊಸದನ್ನು ಹುಡುಕಿ ತಂದುಕೊಡುತ್ತದೆ. ಮ್ಯಾಕ್ ಯಂತ್ರಗಳಲ್ಲಿ ಸಂಖ್ಯೆಯ ಮುಂದೆ ‘ಆಪಲ್ ಗಿಟ್’ ಎಂದು ಕಂಡರೆ, ಅದು ಆಪಲ್ ಕಂಪನಿ ತನ್ನ ಪರಿಕರಗಳೊಡನೆ ಸೇರಿಸಿ ಕೊಟ್ಟದ್ದು; ಅದಕ್ಕೆ ಕಾಯದೆ ಹೋಮ್‌ಬ್ರೂ ಮೂಲಕ ಹೊಸದನ್ನು ತರಿಸಿಕೊಳ್ಳಬಹುದು. ಉಬುಂಟು, ಡೆಬಿಯನ್ ಮೊದಲಾದವುಗಳ ವಿಷಯದಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಉಬುಂಟು 22.04ರಲ್ಲಿ 2.34.1 ಎಂಬ ಹಳೆಯ ಸಂಖ್ಯೆಯನ್ನು ಕಂಡು ಗಾಬರಿಪಡಬೇಕಾದುದಿಲ್ಲ. ಏಕೆಂದರೆ ಆ ವಿತರಣೆಯವರು ಭದ್ರತೆಯ ತಿದ್ದುಪಡಿಗಳನ್ನು ಆಯ್ದು, ಸಂಖ್ಯೆಯ ಮುಂಭಾಗವನ್ನು ಹಾಗೆಯೇ ಇರಿಸಿ, ಹಳೆಯ ಆವೃತ್ತಿಯೊಳಕ್ಕೇ ಸೇರಿಸಿಕೊಡುತ್ತಾರೆ. ಯಂತ್ರಕ್ಕೆ ಬರುವ ಅಪ್‌ಡೇಟುಗಳನ್ನು ತಡೆಯದಿದ್ದರೆ ರಕ್ಷಣೆ ತಾನಾಗಿ ದೊರೆಯುತ್ತದೆ. ಹೊಸ ಸೌಕರ್ಯಗಳು ಮಾತ್ರ ದೊರೆಯುವುದಿಲ್ಲ. ಇನ್ನು ಗಿಟ್‌ಹಬ್ ಡೆಸ್ಕ್‌ಟಾಪ್‌ನಂತಹ ಕೆಲವು ತಂತ್ರಾಂಶಗಳು ತಮ್ಮದೇ ಆದ ಗಿಟ್ ಪ್ರತಿಯನ್ನು ಒಳಗಿಟ್ಟುಕೊಂಡಿರುತ್ತವೆ. ಟರ್ಮಿನಲ್ಲಿನ ಗಿಟ್‌ಅನ್ನು ನವೀಕರಿಸಿದ ಮಾತ್ರಕ್ಕೆ ಅವು ನವೀಕೃತವಾಗವು. ಅವನ್ನು ಪ್ರತ್ಯೇಕವಾಗಿ ಅಪ್‌ಡೇಟ್ ಮಾಡಬೇಕು.

ಭದ್ರತೆಯ ಪ್ರಕರಣಗಳಿಗೆ ಬರೋಣ. ವಿಷಯ ದೀರ್ಘವಾದರೂ ಓದುಗರು ಸೈರಿಸಬೇಕು. 2014ರ ಡಿಸೆಂಬರಿನಲ್ಲಿ ಮರ್ಕ್ಯುರಿಯಲ್ ಎಂಬ ಸೋದರ ಉಪಕರಣದ ನಿರ್ಮಾಪಕರು ಒಂದು ದೋಷವನ್ನು ಕಂಡರು. ಅದು ಗಿಟ್‌ನಲ್ಲಿಯೂ ಇದ್ದಿತು. ಗಿಟ್ ತನ್ನ ಸ್ವಂತ ವ್ಯವಸ್ಥೆಯನ್ನು ‘ಡಾಟ್ ಗಿಟ್’ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಆ ಹೆಸರಿನ ಕಡತವನ್ನು ಹೊರಗಿನವರು ಕಮಿಟ್ ಮೂಲಕ ಕಳುಹಿಸದಂತೆ ಮೊದಲಿನಿಂದಲೂ ತಡೆಯಿತ್ತು. ಆದರೆ ವಿಂಡೋಸ್ ಮತ್ತು ಮ್ಯಾಕ್ ಕಡತವ್ಯವಸ್ಥೆಗಳು ಇಂಗ್ಲಿಷಿನ ದೊಡ್ಡಕ್ಷರಕ್ಕೂ ಚಿಕ್ಕಕ್ಷರಕ್ಕೂ ಭೇದವೆಣಿಸುವುದಿಲ್ಲವಾದ್ದರಿಂದ, ಹೆಸರಿನ ಒಂದು ಅಕ್ಷರವನ್ನು ದೊಡ್ಡದಾಗಿ ಬರೆದು ಕಳುಹಿಸಿದರೆ, ಗಿಟ್ ಅದನ್ನು ಬೇರೆ ಹೆಸರೆಂದು ಭಾವಿಸಿ ಒಳಬಿಡುತ್ತಿತ್ತು. ಡಿಸ್ಕಿನಲ್ಲಿ ಅದು ನೇರವಾಗಿ ಗಿಟ್‌ನ ಖಾಸಗಿ ಫೋಲ್ಡರಿಗೆ ಹೋಗಿ ಕೂರುತ್ತಿತ್ತು. ಅಲ್ಲಿರುವ ಸಂಯೋಜನಾ ಕಡತವನ್ನು ಬದಲಿಸಿದವನು ನಿಮ್ಮ ಯಂತ್ರದಲ್ಲಿ ತನಗೆ ಬೇಕಾದ ಪ್ರೋಗ್ರಾಮನ್ನು ನಡೆಸಬಲ್ಲವನಾಗುತ್ತಿದ್ದನು. ಕನ್ನಡ ಬರೆಯುವವರಿಗೆ ವಿಶೇಷವಾಗಿ ತೋರಬಹುದಾದ ಸಂಗತಿಯೊಂದು ಇದರಲ್ಲಿದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರವೂ ಕಕಾರವೂ ಒತ್ತಕ್ಷರವಾಗಿ ಕೂಡದಂತೆ ನಾವು ನಡುವೆ ಹಾಕುವ, ಕಣ್ಣಿಗೆ ಕಾಣದ, ಅಗಲವೇ ಇಲ್ಲದ ವಿಭಜಕ ಚಿಹ್ನೆಯೊಂದುಂಟಷ್ಟೆ? ಮ್ಯಾಕಿನ ಅಂದಿನ ಕಡತವ್ಯವಸ್ಥೆ ಹೆಸರುಗಳನ್ನು ಹೋಲಿಸುವಾಗ ಆ ಚಿಹ್ನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದುದರಿಂದ ‘ಡಾಟ್ ಗಿಟ್’ ಹೆಸರಿನ ನಡುವೆ ಅದನ್ನು ಸೇರಿಸಿದರೂ ಇದೇ ಅನಾಹುತ ಸಂಭವಿಸುವಂತಿತ್ತು. 2.2.1ರಲ್ಲಿಯೂ, ಆಗ ಬಳಕೆಯಲ್ಲಿದ್ದ ಹಲವು ಹಳೆಯ ಆವೃತ್ತಿಗಳ ಪರಿಷ್ಕರಣಗಳಲ್ಲಿಯೂ ಈ ಎಲ್ಲ ವೇಷಗಳನ್ನು ಗುರುತಿಸಿ ತಡೆದರು.

ಅಲ್ಲಿಂದೀಚೆಗೆ ಹೆಚ್ಚಿನ ದೋಷಗಳು ಕಂಡದ್ದು ಸಬ್‌ಮಾಡ್ಯೂಲ್ ಎಂಬ ಏರ್ಪಾಡಿನಲ್ಲಿ, ಎಂದರೆ ಒಂದು ರೆಪೊಸಿಟರಿಯೊಳಗೆ ಇನ್ನೊಂದನ್ನು ಜೋಡಿಸುವ ವ್ಯವಸ್ಥೆಯಲ್ಲಿ. 2018ರ ಮೇ ತಿಂಗಳ 2.17.1, 2024ರ ಮೇ ತಿಂಗಳ 2.45.1, 2025ರ ಜುಲೈ ತಿಂಗಳ 2.50.1 ಈ ಮೂರೂ ಅಲ್ಲಿಯ ರಂಧ್ರಗಳನ್ನು ಮುಚ್ಚಿದ ಪರಿಷ್ಕರಣಗಳು. ಕೊನೆಯದರ ಕಾರಣ ಎಷ್ಟು ಸೂಕ್ಷ್ಮವೆಂದರೆ, ಸಬ್‌ಮಾಡ್ಯೂಲಿನ ಮಾರ್ಗದ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ ಎಂಬ ಅಗೋಚರ ಚಿಹ್ನೆಯೊಂದಿದ್ದರೆ, ಸಂಯೋಜನಾ ಕಡತಕ್ಕೆ ಬರೆಯುವಾಗಿನ ಹೆಸರೊಂದೂ, ಮರಳಿ ಓದುವಾಗಿನ ಹೆಸರಿನ್ನೊಂದೂ ಆಗಿಬಿಡುತ್ತಿತ್ತು. ಇದರಿಂದ ಬಳಕೆದಾರರು ಗ್ರಹಿಸಬೇಕಾದ ನಿಯಮ ಸ್ಪಷ್ಟವಾಗಿದೆ: ಅಪರಿಚಿತರ ರೆಪೊಸಿಟರಿಯನ್ನು ಕ್ಲೋನ್ ಮಾಡುವಾಗ ‘ರಿಕರ್ಸ್ ಸಬ್‌ಮಾಡ್ಯೂಲ್ಸ್’ ಎಂಬ ಆಯ್ಕೆಯನ್ನು ಅಭ್ಯಾಸಬಲದಿಂದ ಸೇರಿಸಬಾರದು, ಮೊದಲು ಬರಿಯ ಕ್ಲೋನ್ ಮಾಡಿ, ಒಳಗೆ ಏನನ್ನು ಜೋಡಿಸಿದ್ದಾರೆಂದು ನೋಡಿ, ಆಮೇಲೆ ಉಳಿದುದನ್ನು ತರಿಸಿಕೊಳ್ಳತಕ್ಕದ್ದು.

2.45.1ರ ವಿಷಯದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಅದರಲ್ಲಿ ನಿಜವಾದ ರಂಧ್ರಗಳನ್ನು ಮುಚ್ಚಿದುದಲ್ಲದೆ, ಮುಂದೆ ಬರಬಹುದಾದ ಆಕ್ರಮಣಗಳಿಗೂ ಇರಲೆಂದು, ಕ್ಲೋನ್ ನಡೆಯುತ್ತಿರುವಾಗ ಹುಕ್ ಎಂಬ ಸ್ವಯಂಚಾಲಿತ ಪ್ರೋಗ್ರಾಮುಗಳು ಓಡದಂತೆ ಹೆಚ್ಚಿನ ತಡೆಯೊಂದನ್ನು ಹಾಕಿದರು. ಅದು ದೊಡ್ಡ ಕಡತಗಳ ನಿರ್ವಹಣೆಗಾಗಿ ಬಹುಜನ ಬಳಸುವ ಗಿಟ್ ಎಲ್‌ಎಫ್‌ಎಸ್‌ನ ನ್ಯಾಯವಾದ ಕೆಲಸಕ್ಕೂ ಅಡ್ಡಿಯಾಯಿತು. ಕ್ಲೋನ್‌ಗಳು ನಡುವೆಯೇ ನಿಂತವು. ಕೆಲವೇ ವಾರಗಳಲ್ಲಿ 2.45.2 ಬಂದಿತು, ರಂಧ್ರಗಳ ತಿದ್ದುಪಡಿಯನ್ನು ಉಳಿಸಿಕೊಂಡು ಈ ಹೆಚ್ಚಿನ ತಡೆಯನ್ನು ಮಾತ್ರ ತೆಗೆದುಹಾಕಿತು. ಹೀಗೆ, ಪರಿಷ್ಕರಣದ ಬಳಿಕ ಏನಾದರೂ ಮುರಿದರೆ ಹಳೆಯ ಅಪಾಯಕರ ಆವೃತ್ತಿಗೆ ಹಿಮ್ಮೆಟ್ಟುವುದಕ್ಕೆ ಮೊದಲು, ಅದರ ಮುಂದಿನ ಸಂಖ್ಯೆ ಬಂದಿದೆಯೆ ಎಂದು ವಿಚಾರಿಸುವುದು ವಿವೇಕ.

ಬಳಕೆದಾರರನ್ನು ಅತ್ಯಂತ ಹೆಚ್ಚು ಕಕ್ಕಾಬಿಕ್ಕಿಯಾಗಿಸಿದ ತಿದ್ದುಪಡಿ ಯಾವುದೆಂದರೆ 2022ರ ಏಪ್ರಿಲಿನಲ್ಲಿ ಬಂದ 2.35.2. ಒಂದು ದಿನ ಎಂದಿನಂತೆ ‘ಗಿಟ್ ಸ್ಟೇಟಸ್’ ಎನ್ನಲು, ಈ ರೆಪೊಸಿಟರಿಯ ಒಡೆತನ ಶಂಕಾಸ್ಪದವಾಗಿದೆ ಎಂಬರ್ಥದ ದೋಷಸಂದೇಶ ಬಂದು ಕೆಲಸ ನಿಂತುಹೋದ ಅನುಭವ ಅನೇಕರಿಗೆ ಆಗಿರಬೇಕು. ಇದರ ಕಾರಣ ಹೀಗಿದೆ. ಯಾವ ಫೋಲ್ಡರಿನಲ್ಲಿ ನಿಂತು ಆಜ್ಞೆ ಕೊಟ್ಟರೂ, ‘ಡಾಟ್ ಗಿಟ್’ ಅಲ್ಲಿ ಇಲ್ಲವಾದರೆ ಗಿಟ್ ಅದರ ಮೇಲಣ ಫೋಲ್ಡರನ್ನೂ, ಅದರ ಮೇಲಣದನ್ನೂ, ಹೀಗೆ ಡಿಸ್ಕಿನ ನೆತ್ತಿಯವರೆಗೂ ಹುಡುಕುತ್ತ ಹೋಗುತ್ತದೆ. ಕಾಲೇಜಿನ ಪ್ರಯೋಗಾಲಯದಂತೆ ಒಂದೇ ಯಂತ್ರವನ್ನು ಹಲವರು ಬಳಸುವೆಡೆಯಲ್ಲಿ ದುರುದ್ದೇಶದವನೊಬ್ಬನು ವಿಂಡೋಸಿನ ಸಿ ಡ್ರೈವಿನ ನೆತ್ತಿಯ ಮೇಲೆ ಅಂತಹ ಫೋಲ್ಡರೊಂದನ್ನು ಸೃಷ್ಟಿಸಿ, ಅದರ ಸಂಯೋಜನೆಯಲ್ಲಿ ತನ್ನ ಪ್ರೋಗ್ರಾಮಿನ ಹೆಸರನ್ನು ಬರೆದಿಟ್ಟನೆಂದುಕೊಳ್ಳಿ. ಅನಂತರ ಬಂದು ಕುಳಿತ ವಿದ್ಯಾರ್ಥಿ ಗಿಟ್ ಆಜ್ಞೆಯನ್ನು ಬಾಯಿಬಿಟ್ಟು ಕೊಡಬೇಕೆಂದೂ ಇಲ್ಲ. ಟರ್ಮಿನಲ್ಲಿನ ಸಾಲಿನಲ್ಲಿ ಬ್ರಾಂಚಿನ ಹೆಸರನ್ನು ತೋರಿಸುವ ಅಲಂಕಾರವೊಂದನ್ನು ಅವನು ಹಾಕಿಕೊಂಡಿದ್ದರೆ, ಅದು ಹಿನ್ನೆಲೆಯಲ್ಲಿ ಗಿಟ್‌ಅನ್ನು ಕರೆಯುತ್ತದೆ. ಕರೆದೊಡನೆ ಪರರ ಪ್ರೋಗ್ರಾಮು ಇವನ ಅಧಿಕಾರದಲ್ಲಿ ಓಡುತ್ತದೆ. ಇದನ್ನು ತಡೆಯುವುದಕ್ಕಾಗಿಯೇ, ಫೋಲ್ಡರಿನ ಒಡೆಯನೂ ಆಜ್ಞೆ ಕೊಡುವವನೂ ಬೇರೆಯಾಗಿದ್ದರೆ ಗಿಟ್ ಮುಂದುವರಿಯದಂತೆ ಮಾಡಿದರು.

ಪೆನ್‌ಡ್ರೈವಿನಲ್ಲಿ, ಜಾಲದಲ್ಲಿ ಹಂಚಿಕೊಂಡ ಡ್ರೈವಿನಲ್ಲಿ, ಡಾಕರ್ ಕಂಟೇನರಿನಲ್ಲಿ ಕೆಲಸ ಮಾಡುವವರಿಗೆ ಒಡೆತನದ ಈ ಭೇದ ಯಾವ ದುರುದ್ದೇಶವೂ ಇಲ್ಲದೆ ಉಂಟಾಗುತ್ತದೆ. ಅವರು ಮಾಡಬೇಕಾದುದು, ತಮ್ಮ ಫೋಲ್ಡರಿನ ಪೂರ್ಣ ಮಾರ್ಗವನ್ನು ‘ಸೇಫ್ ಡಾಟ್ ಡೈರೆಕ್ಟರಿ’ ಎಂಬ ಸಂಯೋಜನೆಗೆ ‘ಗ್ಲೋಬಲ್’ ಆಯ್ಕೆಯೊಡನೆ ಸೇರಿಸಿಕೊಳ್ಳುವುದು. ಮಾರ್ಗದ ಬದಲು ನಕ್ಷತ್ರ ಚಿಹ್ನೆಯನ್ನು ಹಾಕಿ ಎಲ್ಲ ಫೋಲ್ಡರುಗಳನ್ನೂ ಒಮ್ಮೆಗೇ ನಂಬಿಬಿಡುವ ಅವಕಾಶವೂ 2.35.3ರಿಂದ ಉಂಟು, ಅದು ಒಂದು ಕೆಲಸ ಮುಗಿದೊಡನೆ ಅಳಿದುಹೋಗುವ ಕಂಟೇನರಿನಲ್ಲಿ ಕ್ಷಮ್ಯವೇ ಹೊರತು, ಹಲವರು ಕೂರುವ ಯಂತ್ರದಲ್ಲಿ ಸರ್ವಥಾ ಸಲ್ಲದು.

ಇನ್ನು ಸೌಕರ್ಯಗಳ ವಿಷಯ. ದೀರ್ಘಕಾಲ ‘ಗಿಟ್ ಚೆಕ್‌ಔಟ್’ ಎಂಬ ಒಂದೇ ಆಜ್ಞೆ ಎರಡು ಭಿನ್ನ ಕಾರ್ಯಗಳನ್ನು ಮಾಡುತ್ತಿತ್ತು: ಒಂದು ಬ್ರಾಂಚಿನಿಂದ ಇನ್ನೊಂದಕ್ಕೆ ಹೋಗುವುದು, ಮತ್ತು ಕಡತದಲ್ಲಿ ಮಾಡಿದ ಬದಲಾವಣೆಯನ್ನು ಅಳಿಸಿ ಹಿಂದಿನ ರೂಪಕ್ಕೆ ತರುವುದು. ಮೊದಲನೆಯದು ನಿರಪಾಯಕರ, ಎರಡನೆಯದು ಕಮಿಟ್ ಆಗದ ಶ್ರಮವನ್ನು ಮರಳಿ ಬಾರದಂತೆ ಅಳಿಸತಕ್ಕದ್ದು. ಇವೆರಡೂ ಒಂದೇ ಹೆಸರಿನಲ್ಲಿ ಇದ್ದುದರಿಂದ ಹೊಸಬರು ಪಟ್ಟ ಪಾಡು ಅಷ್ಟಿಷ್ಟಲ್ಲ. 2019ರ ಆಗಸ್ಟಿನ 2.23ರಲ್ಲಿ ಇವನ್ನು ಬೇರ್ಪಡಿಸಿ, ಬ್ರಾಂಚು ಬದಲಿಸಲು ‘ಗಿಟ್ ಸ್ವಿಚ್’, ಕಡತವನ್ನು ಹಿಂದಿನಂತಾಗಿಸಲು ‘ಗಿಟ್ ರೀಸ್ಟೋರ್’ ಎಂಬ ಎರಡು ಆಜ್ಞೆಗಳನ್ನು ಕೊಟ್ಟರು. ಹೊಸ ಬ್ರಾಂಚು ಬೇಕಾದರೆ ಸ್ವಿಚ್‌ನೊಡನೆ ‘ಸಿ’ ಆಯ್ಕೆ. ತಪ್ಪಿ ಆಡ್ ಮಾಡಿದ ಕಡತವನ್ನು ಹೊರತೆಗೆಯಲು ರೀಸ್ಟೋರ್‌ನೊಡನೆ ‘ಸ್ಟೇಜ್ಡ್’ ಎಂಬ ಆಯ್ಕೆ. ಇವು ಪ್ರಾಯೋಗಿಕ ಎಂಬ ಸೂಚನೆ 2025ರವರೆಗೂ ಕೈಪಿಡಿಯಲ್ಲಿ ಇದ್ದು, 2.51ರಲ್ಲಿ ತೆಗೆಯಲ್ಪಟ್ಟಿತು. ಹಳೆಯ ಚೆಕ್‌ಔಟ್ ಇಂದಿಗೂ ಯಥಾಪ್ರಕಾರ ಕೆಲಸ ಮಾಡುತ್ತದೆ. ಹಳಬರ ಕೈಯನ್ನು ಕಟ್ಟದೆ ಹೊಸಬರಿಗೆ ಸುಗಮವಾದ ದಾರಿಯನ್ನು ತೆರೆಯುವ ಈ ಪದ್ಧತಿಯೇ ಗಿಟ್‌ನ ದೀರ್ಘಾಯುಷ್ಯಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ. ಕಲಿಸುವ ಸ್ಥಾನದಲ್ಲಿರುವವರು ಇನ್ನು ಮುಂದೆ ಸ್ವಿಚ್, ರೀಸ್ಟೋರ್‌ಗಳನ್ನೇ ಮೊದಲು ಹೇಳಿಕೊಡಬೇಕು.

ಪುಶ್ ವಿಷಯದಲ್ಲಿಯೂ ಇಂತಹ ಎಚ್ಚರವುಂಟು. 2014ರ ಮೇ ತಿಂಗಳ 2.0ಕ್ಕೆ ಮೊದಲು, ಬ್ರಾಂಚಿನ ಹೆಸರು ಹೇಳದೆ ಪುಶ್ ಮಾಡಿದರೆ ಎರಡೂ ಕಡೆ ಒಂದೇ ಹೆಸರಿರುವ ಎಲ್ಲ ಬ್ರಾಂಚುಗಳೂ ಹೋಗುತ್ತಿದ್ದವು. ಅಂದಿನಿಂದ ಈಗ ನಿಂತಿರುವ ಬ್ರಾಂಚು ಮಾತ್ರ ಹೋಗುತ್ತದೆ. ಈ ಬದಲಾವಣೆಗೆ ಮುನ್ನ ಹಲವು ಬಿಡುಗಡೆಗಳ ಕಾಲ ಎಚ್ಚರಿಕೆಯ ಸಂದೇಶವನ್ನು ತೋರಿಸುತ್ತ ಬಂದಿದ್ದರು. ಇನ್ನು ಬಲವಂತದ ಪುಶ್, ಎಂದರೆ ‘ಫೋರ್ಸ್’ ಆಯ್ಕೆ: ಇದರಿಂದ ಜೊತೆಯವರು ನಿಮಗಿಂತ ಮೊದಲು ಕಳುಹಿಸಿದ ಕಮಿಟ್‌ಗಳು ಸರ್ವರಿನ ಬ್ರಾಂಚಿನಿಂದ ಸದ್ದಿಲ್ಲದೆ ಮರೆಯಾಗಬಹುದು. 2013ರ 1.8.5ರಲ್ಲಿಯೇ ಇದಕ್ಕೆ ‘ಫೋರ್ಸ್ ವಿತ್ ಲೀಸ್’ ಎಂಬ ಸೌಮ್ಯವಾದ ರೂಪ ಬಂದಿದೆ. ಸರ್ವರಿನಲ್ಲಿರುವುದು ನೀವು ಕೊನೆಯ ಸಲ ಕಂಡ ಸ್ಥಿತಿಯೇ ಆಗಿದ್ದರೆ ಮಾತ್ರ ಅದು ಪುಶ್ ಮಾಡುತ್ತದೆ. ನಡುವೆ ಇನ್ನೊಬ್ಬರ ಕೆಲಸ ಬಂದಿದ್ದರೆ ನಿರಾಕರಿಸುತ್ತದೆ. ಆದರೆ ನಿಮ್ಮ ಎಡಿಟರು ಹಿನ್ನೆಲೆಯಲ್ಲಿ ತಾನಾಗಿ ಫೆಚ್ ಮಾಡುತ್ತಿದ್ದರೆ, ನೀವು ನೋಡದಿದ್ದುದನ್ನೂ ನೋಡಿದಿರೆಂದು ಗಿಟ್ ಭಾವಿಸಿ ಈ ರಕ್ಷಣೆ ದುರ್ಬಲವಾಗುತ್ತದೆ. ಆ ಕೊರತೆಯನ್ನು ತುಂಬಲು 2.30ರಲ್ಲಿ ‘ಫೋರ್ಸ್ ಇಫ್ ಇನ್‌ಕ್ಲೂಡ್ಸ್’ ಎಂಬುದನ್ನು ಸೇರಿಸಿದರು. ಎರಡನ್ನೂ ಜೊತೆಯಾಗಿ ಬಳಸುವುದು ಕ್ಷೇಮ. ಹಲವರು ಒಂದೇ ಬ್ರಾಂಚಿನಲ್ಲಿ ಕೆಲಸ ಮಾಡುವ ತಂಡಗಳಲ್ಲಿ ಬರಿಯ ಫೋರ್ಸ್ ಆಯ್ಕೆಗೆ ಎಡೆಯೇ ಇರಬಾರದು.

ಮರ್ಜ್ ಮಾಡುವಾಗಿನ ಸಂಘರ್ಷಗಳನ್ನು ಬಿಡಿಸುವವರಿಗೆ ಎರಡು ಸುಧಾರಣೆಗಳು ಬಹಳ ಉಪಕಾರಿ. ಎಲಿಜಾ ನ್ಯೂರೆನ್ ಅವರು ಹೊಸದಾಗಿ ರಚಿಸಿದ ‘ಆರ್ಟ್’ ಎಂಬ ಮರ್ಜ್ ವಿಧಾನ 2021ರ ನವೆಂಬರಿನ 2.34ರಿಂದ ರೂಢಿಯ ವಿಧಾನವಾಗಿದೆ. ಕಡತಗಳ ಹೆಸರನ್ನು ಬಹುವಾಗಿ ಬದಲಿಸಿದ ದೊಡ್ಡ ಯೋಜನೆಗಳಲ್ಲಿ ಅದರ ವೇಗ ಹಳೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇದಕ್ಕೆ ನೀವು ಏನೂ ಮಾಡಬೇಕಾದುದಿಲ್ಲ, ಆವೃತ್ತಿ ಹೊಸದಾಗಿದ್ದರೆ ಸಾಕು. ಎರಡನೆಯದನ್ನು ಮಾತ್ರ ಕೇಳಿ ಪಡೆಯಬೇಕು. ರೂಢಿಯಂತೆ ಗಿಟ್ ಸಂಘರ್ಷದ ಎಡೆಯಲ್ಲಿ ನಮ್ಮ ಪಾಠವನ್ನೂ ಅವರ ಪಾಠವನ್ನೂ ತೋರಿಸುತ್ತದೆ. ಇಬ್ಬರೂ ತಿದ್ದುವುದಕ್ಕೆ ಮೊದಲು ಅಲ್ಲಿ ಏನಿದ್ದಿತೆಂಬುದನ್ನು ತೋರಿಸುವುದಿಲ್ಲ. ಮೂಲಪಾಠವಿಲ್ಲದೆ ಎರಡು ಪಾಠಾಂತರಗಳ ನಡುವೆ ತೀರ್ಪು ಕೊಡುವ ಕಷ್ಟವನ್ನು ಗ್ರಂಥಸಂಪಾದನೆ ಮಾಡಿದವರು ಬಲ್ಲರು. ‘ಮರ್ಜ್ ಡಾಟ್ ಕಾನ್‌ಫ್ಲಿಕ್ಟ್‌ಸ್ಟೈಲ್’ ಎಂಬ ಸಂಯೋಜನೆಗೆ ‘ಝಡ್‌ಡಿಫ್3’ ಎಂಬ ಮೌಲ್ಯವನ್ನು ಕೊಟ್ಟರೆ ಮೂಲವೂ ನಡುವೆ ಕಾಣುತ್ತದೆ, ಎರಡೂ ಕಡೆ ಸಮಾನವಾಗಿರುವ ಅಂಚಿನ ಸಾಲುಗಳು ಹೊರಗುಳಿಯುತ್ತವೆ. ಇದು 2022ರ ಜನವರಿಯ 2.35ರಿಂದ ಲಭ್ಯವಿದೆ. ಒಮ್ಮೆ ಇದನ್ನು ಬಳಸಿದವರು ಹಳೆಯ ರೀತಿಗೆ ಮರಳಲಾರರು.

ಮೊಬೈಲ್ ಡೇಟಾ ಮೂಲಕ ಕೆಲಸ ಮಾಡುವವರು ದೊಡ್ಡ ರೆಪೊಸಿಟರಿಯನ್ನು ಕ್ಲೋನ್ ಮಾಡುವಾಗ ‘ಫಿಲ್ಟರ್’ ಆಯ್ಕೆಗೆ ‘ಬ್ಲಾಬ್ ನನ್’ ಎಂಬ ಮೌಲ್ಯ ಕೊಡಬಹುದು. ಆಗ ಇತಿಹಾಸವೆಲ್ಲ ಬಂದರೂ, ಹಳೆಯ ಕಡತಗಳ ಒಳಗಿನ ಪಾಠ ಬೇಕಾದಾಗ ಮಾತ್ರ ಬರುತ್ತದೆ. ದಿನವೂ ಬಳಸುವ ದೊಡ್ಡ ರೆಪೊಸಿಟರಿಯಲ್ಲಿ ಒಮ್ಮೆ ‘ಗಿಟ್ ಮೇಂಟೆನೆನ್ಸ್ ಸ್ಟಾರ್ಟ್’ ಎಂದರೆ, ಒಪ್ಪಓರಣದ ಕೆಲಸಗಳು ಗಂಟೆಗೂ ದಿನಕ್ಕೂ ವಾರಕ್ಕೂ ಒಮ್ಮೆ ಹಿನ್ನೆಲೆಯಲ್ಲಿ ತಾವಾಗಿ ನಡೆಯುತ್ತವೆ.

ಮುಗಿಯದೆ ಇನ್ನೂ ನಡೆದಿರುವ ಪರಿಷ್ಕರಣವೊಂದುಂಟು. ಗಿಟ್ ಪ್ರತಿಯೊಂದು ಕಮಿಟ್‌ಗೂ ಕೊಡುವ ನಲವತ್ತು ಅಂಕಾಕ್ಷರಗಳ ಗುರುತು ಎಸ್‌ಎಚ್‌ಎ-1 ಎಂಬ ಗಣಿತಕ್ರಮದಿಂದ ಹುಟ್ಟಿದ್ದು. 2017ರ ಫೆಬ್ರವರಿಯಲ್ಲಿ ಆಮ್ಸ್ಟರ್‌ಡಾಮಿನ ಸಿಡಬ್ಲ್ಯುಐ ಸಂಸ್ಥೆಯವರೂ ಗೂಗಲ್‌ನವರೂ ಕೂಡಿ, ಒಂದೇ ಎಸ್‌ಎಚ್‌ಎ-1 ಗುರುತನ್ನುಳ್ಳ ಎರಡು ಭಿನ್ನ ಪಿಡಿಎಫ್ ಕಡತಗಳನ್ನು ಸೃಷ್ಟಿಸಿ ತೋರಿಸಿದರು. ವೆಬ್‌ಕಿಟ್ ಯೋಜನೆಯವರು ಅವೆರಡನ್ನೂ ತಮ್ಮ ಸಬ್‌ವರ್ಶನ್ ರೆಪೊಸಿಟರಿಗೆ ಪರೀಕ್ಷೆಗಾಗಿ ಸೇರಿಸಲು, ಆ ರೆಪೊಸಿಟರಿಯೇ ಕೆಟ್ಟು ನಿಂತಿತು. ಗಿಟ್‌ನವರು ಅದೇ ವರ್ಷದ ಮೇ ತಿಂಗಳ 2.13ರಲ್ಲಿ ಇಂತಹ ಕೃತ್ರಿಮ ಜೋಡಿಗಳನ್ನು ಪತ್ತೆಹಚ್ಚುವ ವಿಧಾನವನ್ನು ರೂಢಿಗೆ ತಂದರು. 2020ರ ಅಕ್ಟೋಬರಿನ 2.29ರಲ್ಲಿ ಎಸ್‌ಎಚ್‌ಎ-256 ಬಳಸುವ ರೆಪೊಸಿಟರಿಗಳಿಗೆ ಪ್ರಾಯೋಗಿಕವಾಗಿ ಅವಕಾಶ ಕೊಟ್ಟರು. ಮುಂದೆ ಬರಲಿರುವ 3.0ರಲ್ಲಿ ಹೊಸ ರೆಪೊಸಿಟರಿಗಳಿಗೆ ಇದನ್ನೇ ರೂಢಿಯದನ್ನಾಗಿ ಮಾಡುವ ಸಂಕಲ್ಪ ಅವರದು. 2005ರ ರೆಪೊಸಿಟರಿಯನ್ನು ಇಂದಿನ ಗಿಟ್ ನಿರಾಯಾಸವಾಗಿ ಓದುತ್ತದೆ. ಆದರೆ ಎಸ್‌ಎಚ್‌ಎ-256ರ ರೆಪೊಸಿಟರಿಯನ್ನು ಹಳೆಯ ಗಿಟ್ ಓದಲಾರದು. ತಂಡದ ಎಲ್ಲರ ಆವೃತ್ತಿಯೂ ಸರ್ವರಿನದೂ ಇದಕ್ಕೆ ಸಿದ್ಧವಾಗುವವರೆಗೆ ಹಂಚಿಕೊಂಡ ಕೆಲಸದಲ್ಲಿ ಇದನ್ನು ಆರಿಸಿಕೊಳ್ಳಬೇಡಿರಿ.

ಕನ್ನಡದಲ್ಲಿ ಕಡತಗಳ ಹೆಸರಿಡುವವರಿಗೆ ಕೆಲವು ಮಾತುಗಳು ಅವಶ್ಯ. ಪುಸ್ತಕದ ಕರಡನ್ನೋ ನಿಘಂಟಿನ ಸಾಮಗ್ರಿಯನ್ನೋ ಗಿಟ್‌ನಲ್ಲಿ ಇಟ್ಟು, ‘ಕಥೆ’ ಎಂದು ಕಡತಕ್ಕೆ ಹೆಸರು ಕೊಟ್ಟು, ‘ಗಿಟ್ ಸ್ಟೇಟಸ್’ ಎಂದರೆ, ಆ ಹೆಸರಿನ ಜಾಗದಲ್ಲಿ \340\262\225\340\262\245\340\263\206 ಎಂಬ ಅಂಕಿಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿತೆಂದು ಹೆದರುವವರುಂಟು, ಕೆಟ್ಟಿರುವುದಿಲ್ಲ. ಕಕಾರದ ಮೂರು ಬೈಟುಗಳು, ಥಕಾರದ ಮೂರು, ಎತ್ವದ ಮೂರು, ಒಟ್ಟು ಒಂಬತ್ತು ಬೈಟುಗಳನ್ನು ಗಿಟ್ ಅಷ್ಟಮಾನ ಸಂಖ್ಯೆಗಳಲ್ಲಿ ತೋರಿಸಿದೆಯಷ್ಟೆ. ‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಸಂಯೋಜನೆಯನ್ನು ‘ಗ್ಲೋಬಲ್’ ಆಯ್ಕೆಯೊಡನೆ ‘ಫಾಲ್ಸ್’ ಮಾಡಿದರೆ ಹೆಸರು ಕನ್ನಡದಲ್ಲಿಯೇ ಕಾಣುತ್ತದೆ. ‘ಗಿಟ್ ಲಾಗ್’ ತೋರಿಸುವಾಗ ಕೋನಾವರಣಗಳ ನಡುವೆ ಸಂಕೇತಗಳು ಕಂಡರೆ ದೋಷವಿರುವುದು ಗಿಟ್‌ನಲ್ಲಲ್ಲ, ಪುಟ ತಿರುಗಿಸುವ ‘ಲೆಸ್’ ಎಂಬ ಪ್ರೋಗ್ರಾಮಿನಲ್ಲಿ. ‘ಲೆಸ್‌ಚಾರ್‌ಸೆಟ್’ ಎಂಬ ಪರಿಸರ ಚರಾಂಶಕ್ಕೆ ‘ಯುಟಿಎಫ್-8’ ಎಂದು ಕೊಟ್ಟರೆ ಸರಿಹೋಗುತ್ತದೆ. ಗದ್ಯದಲ್ಲಿ ಒಂದು ಪದ ಬದಲಾದರೂ ಇಡೀ ಪ್ಯಾರಾ ಬದಲಾದಂತೆ ಡಿಫ್‌ನಲ್ಲಿ ಕಾಣುವುದರಿಂದ, ‘ವರ್ಡ್ ಡಿಫ್’ ಎಂಬ ಆಯ್ಕೆಯನ್ನು ಬಳಸುವುದು ಹಿತ. ಅದು ಪದಗಳ ನಡುವಣ ತೆರಪನ್ನು ಆಧರಿಸಿ ಹೋಲಿಸುವುದರಿಂದ ಒತ್ತಕ್ಷರಗಳು ಒಡೆಯುವುದಿಲ್ಲ.

ಮ್ಯಾಕ್ ಬಳಸುವವರ ಒಂದು ಹಳೆಯ ಕಷ್ಟವೂ ಇಲ್ಲಿ ಸ್ಮರಣೀಯ. ‘ಕೋಶ’ ಎಂಬುದರ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕಿನ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಒಡೆದ ರೂಪದಲ್ಲಿಯೇ ಇಟ್ಟುಕೊಳ್ಳುತ್ತಿತ್ತು. ಲಿನಕ್ಸ್ ಯಂತ್ರದಲ್ಲಿ ಕೂಡಿದ ರೂಪದಲ್ಲಿ ಕಮಿಟ್ ಆದ ಕಡತ ಮ್ಯಾಕಿಗೆ ಬಂದಾಗ, ಅದೇ ಕಡತವನ್ನು ಗಿಟ್ ಇನ್ನೊಂದು ಹೊಸ ಕಡತವೆಂದು ತೋರಿಸುತ್ತಿತ್ತು. ಕೀ, ಕೇ, ಕೈ, ಕೊ, ಕೋ ಇವೆಲ್ಲಕ್ಕೂ ಇದೇ ಗತಿ. 2012ರ 1.7.12ರಲ್ಲಿ ಬಂದ ‘ಕೋರ್ ಡಾಟ್ ಪ್ರೀಕಂಪೋಸ್‌ಯೂನಿಕೋಡ್’ ಎಂಬ ಸಂಯೋಜನೆ ಒಡೆದ ರೂಪವನ್ನು ಕೂಡಿಸಿಕೊಂಡು ಓದುವುದರಿಂದ ಈ ತೊಡಕು ನೀಗಿತು. ಅಂತಹ ಕಡತವ್ಯವಸ್ಥೆಯ ಮೇಲೆ ಹೊಸದಾಗಿ ಕ್ಲೋನ್ ಮಾಡಿದಾಗ ಗಿಟ್ ಅದನ್ನು ತಾನೇ ಹಾಕಿಕೊಳ್ಳುತ್ತದೆ.

ಇಂತಹ ದೋಷಗಳು ತಿದ್ದಲ್ಪಟ್ಟುದು, ಅನುಭವಿಸಿದವರು ಅವನ್ನು ಬರೆದು ತಿಳಿಸಿದುದರಿಂದ. ಕನ್ನಡದ ಹೆಸರು, ಕನ್ನಡದ ಪಾಠ, ಕನ್ನಡದ ಕಮಿಟ್ ಸಂದೇಶಗಳಲ್ಲಿ ಗಿಟ್ ಎಡವಿದುದನ್ನು ಕಂಡಾಗ ಸುಮ್ಮನೆ ಇಂಗ್ಲಿಷ್ ಹೆಸರಿಗೆ ಮರಳಿಬಿಡಬೇಡಿರಿ. 2020ರ 2.27ರಿಂದ ‘ಗಿಟ್ ಬಗ್‌ರಿಪೋರ್ಟ್’ ಎಂಬ ಆಜ್ಞೆ ಉಂಟು. ಅದನ್ನು ಕೊಟ್ಟೊಡನೆ ನಿಮ್ಮ ಯಂತ್ರದ ಮತ್ತು ಆವೃತ್ತಿಯ ವಿವರಗಳನ್ನು ತುಂಬಿದ ವರದಿಯ ಕಡತವೊಂದು ಸಿದ್ಧವಾಗುತ್ತದೆ. ನೀವು ಏನು ಮಾಡಿದಿರಿ, ಏನಾಗಬೇಕೆಂದು ನಿರೀಕ್ಷಿಸಿದಿರಿ, ಅದರ ಬದಲು ಏನಾಯಿತು, ಎರಡಕ್ಕೂ ಇರುವ ವ್ಯತ್ಯಾಸವೇನು ಎಂಬ ಪ್ರಶ್ನೆಗಳು ಅದರಲ್ಲಿರುತ್ತವೆ. ಅವಕ್ಕೆ ಸರಳವಾಗಿ ಉತ್ತರ ಬರೆದು, ಹೊರಗೆ ತಿಳಿಸಬಾರದ ವಿವರವಿದ್ದರೆ ಆ ಸಾಲನ್ನು ಅಳಿಸಿ, ದೋಷವನ್ನು ಮರಳಿ ಉಂಟುಮಾಡುವ ಅತಿ ಚಿಕ್ಕ ಉದಾಹರಣೆಯೊಡನೆ ಗಿಟ್ ಯೋಜನೆಯವರಿಗೆ ಕಳುಹಿಸಿರಿ.